ಸರ್ವರ್ ಇವೆಂಟ್ ಲಾಗ್ ಎಪಿಐ ಮೂಲಕ ತರುವುದು: ಫಿಲ್ಟರ್ ಹಾಕಿದರೂ ಎಲ್ಲ ಎಂಟ್ರಿ ಬರುತ್ತಿವೆ

ಗಂಜ್_ಸಿಸ್ಟಮ್ · ಸೋಮವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಕಲಬುರಗಿ ಗಂಜ್ ಹತ್ತಿರ ಒಂದು ವ್ಯಾಪಾರ ಸಂಸ್ಥೆಯ ಸರ್ವರ್ ನೋಡಿಕೊಳ್ಳುತ್ತೇನೆ. ಮುಖ್ಯ ಮಷೀನುಗಳು ಇಲ್ಲಿವೆ. ಬೀದರ್ ಬ್ರಾಂಚಿನಲ್ಲಿ ಒಂದು, ಯಾದಗಿರಿಯಲ್ಲಿ ಒಂದು. ಮೂರೂ ಕಡೆ ಬೇರೆ ಬೇರೆ ಕಂಪನಿಯ ಸರ್ವರ್, ಬೇರೆ ಬೇರೆ ವಯಸ್ಸು.

ತೊಗರಿ ಸೀಜನ್ ಹೇಗೋ ದಾಟಿತು. ಈಗ ಬಿಸಿಲು ಶುರುವಾಗಿದೆ, ಸರ್ವರ್ ರೂಮಿನ ಎಸಿ ಯಾವಾಗ ಕೈ ಕೊಡುತ್ತದೋ ಗೊತ್ತಿಲ್ಲ. ಹಾಗಾಗಿ ಮಾಲೀಕರು ಒಂದು ಬೇಡಿಕೆ ಇಟ್ಟಿದ್ದಾರೆ: ದಿನಾ ಬೆಳಿಗ್ಗೆ ಫೋನಿಗೆ ಒಂದು ಮೆಸೇಜ್ ಬರಬೇಕು, ಯಾವ ಮಷೀನ್ ಏನು ತಕರಾರು ಮಾಡಿದೆ ಅಂತ.

ಎಲ್ಲದರಲ್ಲೂ ಬಿಎಂಸಿ (ಮಷೀನಿನ ಆರೋಗ್ಯ ನೋಡಿಕೊಳ್ಳುವ ಬೇರೆಯೇ ಪುಟ್ಟ ಚಿಪ್) ಇದೆ, ಅದನ್ನು ನೆಟ್‌ವರ್ಕ್ ಮೂಲಕ ಕೇಳುವ ರೆಡ್‌ಫಿಶ್ ಎಪಿಐ ಆನ್ ಇದೆ. ಕರ್ಲ್ (ವೆಬ್ ವಿಳಾಸಕ್ಕೆ ಪ್ರಶ್ನೆ ಕಳಿಸುವ ಕಮಾಂಡ್) ಹಾಕಿದರೆ ಲಾಗ್, ಅಂದರೆ ಘಟನೆಗಳ ದಾಖಲೆ, ಬರುತ್ತದೆ. ತೊಂದರೆ ಮುಂದಿನದು:

ಕಲಬುರಗಿ ಮಷೀನಿಗೆ ‘ಸಿವಿಯಾರಿಟಿ (ಗಂಭೀರತೆ) ಕ್ರಿಟಿಕಲ್ ಇದ್ದದ್ದು ಮಾತ್ರ ಕೊಡು’ ಎಂದು ಫಿಲ್ಟರ್ ಹಾಕಿದ್ದೇನೆ. 200 (ಸರಿ) ಅಂತ ಉತ್ತರ ಬರುತ್ತದೆ, ಎರರ್ ಏನೂ ಇಲ್ಲ. ಆದರೆ ಓಕೆ, ವಾರ್ನಿಂಗ್, ಕ್ರಿಟಿಕಲ್ ಎಲ್ಲವೂ ಬರುತ್ತವೆ. ಯಾದಗಿರಿಯದರಲ್ಲಿ ಒಟ್ಟು ಸಾವಿರದ ಮೇಲೆ ಎಂಟ್ರಿ ಇವೆ ಅನ್ನುತ್ತದೆ, ಕೈಗೆ ಬರುವುದು ಮೊದಲ 50 ಮಾತ್ರ. ಬೀದರಿನದು ಇನ್ನೂ ವಿಚಿತ್ರ, ಹೋದ ವಾರದ ಕೆಲವು ಎಂಟ್ರಿಗಳ ಮೇಲೆ 1970ನೇ ಇಸವಿ ಜನವರಿ ಅಂತ ತಾರೀಖು ಇದೆ.

ಕಮಾಂಡ್ ಇದು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ: ಕರ್ಲ್, ಆಮೇಲೆ ಡಬಲ್ ಕೋಟ್ ಒಳಗೆ ಎಂಟ್ರೀಸ್ ವಿಳಾಸ, ಪ್ರಶ್ನಾರ್ಥಕ ಚಿಹ್ನೆ, $ಫಿಲ್ಟರ್, ಸಮ ಚಿಹ್ನೆ, ಷರತ್ತು. ಖಾಲಿ ಜಾಗಕ್ಕೆಲ್ಲ %20 ಹಾಕಿದ್ದೇನೆ. ಯಾರಾದರೂ ನೋಡಿ ಹೇಳ್ರಿ.

ಬಿದ್ರಿ_ಬ್ಯಾಶ್ · ಸೋಮವಾರ, ರಾತ್ರಿ 9:42

ಡಬಲ್ ಕೋಟ್ ಅಂದ್ರಲ್ಲ, ಅಲ್ಲೇ ಇದೆ ನೋಡ್ರಿ.

ಬ್ಯಾಶ್‌ಗೆ (ನೀವು ಕಮಾಂಡ್ ಬರೆಯುವ ಶೆಲ್) ಡಬಲ್ ಕೋಟ್ ಒಳಗೆ ಡಾಲರ್ ಕಂಡರೆ ಅದು ವೇರಿಯಬಲ್, ಅಂದರೆ ಬೇರೆ ಬೆಲೆ ತುಂಬಿಸಬೇಕಾದ ಹೆಸರು. ಫಿಲ್ಟರ್ ಅನ್ನೋ ವೇರಿಯಬಲ್ ನಿಮ್ಮ ಶೆಲ್‌ನಲ್ಲಿ ಇಲ್ಲ. ಹಾಗಾಗಿ ಆ ಜಾಗ ಖಾಲಿ ಆಗುತ್ತದೆ. ಸರ್ವರ್‌ಗೆ ತಲುಪುವುದು ಪ್ರಶ್ನಾರ್ಥಕ ಚಿಹ್ನೆ, ಅದರ ಬೆನ್ನಿಗೇ ಸಮ ಚಿಹ್ನೆ. ಹೆಸರೇ ಇಲ್ಲದ ಪ್ಯಾರಾಮೀಟರ್ ಅದು, ಬಿಎಂಸಿ ಅದನ್ನು ಬದಿಗಿಟ್ಟು ಪೂರ್ತಿ ಲಾಗ್ ಕೊಟ್ಟುಬಿಡುತ್ತದೆ.

ಇದಕ್ಕೆ ಹತ್ತಿರದ್ದೇ ಇನ್ನೊಂದು. ಡಾಲರ್ ಬಿಟ್ಟು ಬರೀ ‘ಫಿಲ್ಟರ್’ ಅಂತ ಬರೆದರೂ 200 ಬರುತ್ತದೆ, ಎಲ್ಲ ಎಂಟ್ರಿ ಬರುತ್ತವೆ. ರೆಡ್‌ಫಿಶ್ ನಿಯಮವೇ ಹಾಗಿದೆ: ಡಾಲರ್ ಇಲ್ಲದ ಗೊತ್ತಿಲ್ಲದ ಪ್ಯಾರಾಮೀಟರ್ ಬಂದರೆ ಸುಮ್ನೆ ಬಿಟ್ಟುಬಿಡಬೇಕು. ಡಾಲರ್ ಇದ್ದು, ಆ ಸೌಲಭ್ಯ ತನ್ನಲ್ಲಿ ಇಲ್ಲ ಅಂದರೆ 501 ಎರರ್ ಕೊಡಬೇಕು. ಅಂದರೆ ಡಾಲರ್ ಹೋದರೆ ತಪ್ಪು ತೋರಿಸುವವರು ಯಾರೂ ಇಲ್ಲ.

ಪೂರ್ತಿ ವಿಳಾಸವನ್ನು ಸಿಂಗಲ್ ಕೋಟ್ ಒಳಗೆ ಹಾಕಲು ಹೋದರೆ ಒಳಗಿನ ‘ಕ್ರಿಟಿಕಲ್’ ಸುತ್ತ ಇರುವ ಸಿಂಗಲ್ ಕೋಟ್ ಜೊತೆ ಗುದ್ದಾಟ. ಸುಲಭ ದಾರಿ: ಡಬಲ್ ಕೋಟ್ ಹಾಗೇ ಇರಲಿ, ಡಾಲರ್‌ಗಿಂತ ಮೊದಲು ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ.

ಫಿಲ್ಟರ್ ನಿಜವಾಗಿ ಕೆಲಸ ಮಾಡ್ತಿದೆಯಾ ಅಂತ ನೋಡಲು ನಾನು ಮಾಡುವುದು ಇದು: ಸಿವಿಯಾರಿಟಿ ‘ಬದನೆಕಾಯಿ’ಗೆ ಸಮ ಇರುವ ಎಂಟ್ರಿ ಕೊಡು ಅಂತ ಕೇಳುವುದು. ಸೊನ್ನೆ ಎಂಟ್ರಿ ಬರಬೇಕು, ಇಲ್ಲವೇ 400 (ಪ್ರಶ್ನೆಯೇ ತಪ್ಪು) ಬರಬೇಕು. ಪೂರ್ತಿ ಲಾಗ್ ಬಂತು ಅಂದರೆ ನಿಮ್ಮ ಫಿಲ್ಟರ್ ದಾರಿಯಲ್ಲೇ ಎಲ್ಲೋ ಬಿದ್ದುಹೋಗಿದೆ. ಹೊಸ ಮಷೀನ್ ಬಂದಾಗಲೆಲ್ಲ ಮೊದಲು ಬದನೆಕಾಯಿ.

ಗಂಜ್_ಸಿಸ್ಟಮ್ · ಮಂಗಳವಾರ, ಬೆಳಿಗ್ಗೆ 10:25

ಬದನೆಕಾಯಿ ಪರೀಕ್ಷೆ ಮಾಡಿದೆ! ಬ್ಯಾಕ್‌ಸ್ಲ್ಯಾಶ್ ಹಾಕಿದ ಮೇಲೆ ಕಲಬುರಗಿ ಮಷೀನ್ ಸೊನ್ನೆ ಕೊಟ್ಟಿತು, ‘ಕ್ರಿಟಿಕಲ್’ ಹಾಕಿದರೆ ಕ್ರಿಟಿಕಲ್ ಮಾತ್ರ ಬಂತು. ಯಾದಗಿರಿಯದು ಮಾತ್ರ 501 ಅನ್ನುತ್ತಿದೆ.

ಇನ್ನೊಂದು ಸಣ್ಣ ಪ್ರಶ್ನೆ. ವಾರ್ನಿಂಗ್ ಮತ್ತು ಅದಕ್ಕಿಂತ ಮೇಲಿನದು ಎಲ್ಲ ಬೇಕು ಅಂದರೆ ‘ವಾರ್ನಿಂಗ್‌ಗಿಂತ ದೊಡ್ಡದು’ ಅಂತ ಕೇಳಬಹುದಾ?

ಭೀಮಾ_ಕಟ್ಟೆ · ಮಂಗಳವಾರ, ಬೆಳಿಗ್ಗೆ 11:05

ಯಾದಗಿರಿಯಿಂದಲೇ ಬರೆಯುತ್ತಿದ್ದೇನೆ, ನಮ್ಮೂರಿನ ಮಷೀನ್ ಮರ್ಯಾದೆ ಉಳಿಸಬೇಕಲ್ಲ.

501 ಅಂದರೆ ಆ ಬಿಎಂಸಿಯ ಫರ್ಮ್‌ವೇರ್‌ಗೆ (ಚಿಪ್ ಒಳಗಿನ ಸಾಫ್ಟ್‌ವೇರ್) ಫಿಲ್ಟರ್ ಬರುವುದಿಲ್ಲ ಅಂತ ಅರ್ಥ. ಪ್ರಾಮಾಣಿಕ ಉತ್ತರ ಅದು. ಇದನ್ನು ಮೊದಲೇ ತಿಳಿಯುವ ದಾರಿ ಇದೆ. ರೆಡ್‌ಫಿಶ್‌ನ ಬೇರು ವಿಳಾಸ, ಅಂದರೆ ಮೊದಲ ಪುಟ, ತೆರೆಯಿರಿ. ಅಲ್ಲಿ ‘ಪ್ರೋಟೋಕಾಲ್ ಫೀಚರ್ಸ್ ಸಪೋರ್ಟೆಡ್’ ಅಂತ ಒಂದು ಭಾಗ ಇರುತ್ತದೆ. ಅದರಲ್ಲಿ ‘ಫಿಲ್ಟರ್ ಕ್ವೆರಿ’ ಟ್ರೂ ಇದೆಯೋ ಫಾಲ್ಸ್ ಇದೆಯೋ ನೋಡಿ. ಸೆಲೆಕ್ಟ್, ಎಕ್ಸ್‌ಪ್ಯಾಂಡ್ ಇವುಗಳ ವಿಷಯವೂ ಅಲ್ಲೇ ಸಿಗುತ್ತದೆ. ಡಿಎಂಟಿಎಫ್ (ಇದರ ನಿಯಮ ಬರೆಯುವ ಸಂಸ್ಥೆ) 2015ರಲ್ಲಿ ರೆಡ್‌ಫಿಶ್‌ನ ಮೊದಲ ಆವೃತ್ತಿ ಹೊರಡಿಸಿದ ಮೇಲೆ ಎಷ್ಟೋ ಸೌಲಭ್ಯ ಸೇರಿವೆ, ಆದರೆ ಎಲ್ಲವೂ ಕಡ್ಡಾಯ ಅಲ್ಲ. ಹಳೇ ಮಷೀನಿನಲ್ಲಿ ಆ ಭಾಗವೇ ಇರದಿದ್ದರೂ ಆಶ್ಚರ್ಯ ಇಲ್ಲ.

50ರ ವಿಷಯ. ಅದು ಪುಟ ಪುಟವಾಗಿ ಕೊಡುತ್ತಿದೆ. ಉತ್ತರದ ಜೆಸನ್‌ನಲ್ಲಿ (ಉತ್ತರ ಬರುವ ಪಠ್ಯ ರೂಪ) ‘ನೆಕ್ಸ್ಟ್‌ಲಿಂಕ್’ ಅಂತ ಕೊನೆಯಾಗುವ ಒಂದು ಕೀ ಇರುತ್ತದೆ. ಮುಂದಿನ ಪುಟದ ವಿಳಾಸ ಅದರಲ್ಲೇ ಸಿದ್ಧವಾಗಿ ಇರುತ್ತದೆ. ಅದು ಕಾಣದಿರುವ ತನಕ ಹಿಂಬಾಲಿಸುತ್ತಾ ಹೋಗಿ. ನೀವೇ $ಸ್ಕಿಪ್=50, 100 (ಇಷ್ಟು ಎಂಟ್ರಿ ಬಿಟ್ಟು ಮುಂದಿನದು ಕೊಡು) ಅಂತ ಲೆಕ್ಕ ಹಾಕಬೇಡಿ. ಒಂದು ಕಂಪನಿ 50 ಕೊಡುತ್ತದೆ, ಇನ್ನೊಂದು ಬೇರೆ ಎಷ್ಟೋ ಕೊಡುತ್ತದೆ.

ಮತ್ತೆ, ಪುಟ ತಿರುವುತ್ತಾ ಇರುವಾಗಲೇ ಹೊಸ ಎಂಟ್ರಿ ಮೇಲೆ ಬಂದು ಕೂತರೆ ಎಲ್ಲವೂ ಒಂದು ಸ್ಥಾನ ಕೆಳಗೆ ಜಾರುತ್ತವೆ. ಮೊದಲ ಪುಟದ ಕೊನೆಯ ಎಂಟ್ರಿ ಎರಡನೇ ಪುಟದಲ್ಲಿ ಮತ್ತೆ ಬರುತ್ತದೆ. ಡಬಲ್ ಬಂದದ್ದನ್ನು ನಿಮ್ಮ ಕಡೆಯೇ ತೆಗೆಯಬೇಕು. ಬರೀ ಐಡಿ ನಂಬಬೇಡಿ. ಯಾರೋ ಲಾಗ್ ಕ್ಲಿಯರ್ ಮಾಡಿದರೆ ಐಡಿ ಮತ್ತೆ 1ರಿಂದ ಶುರುವಾಗಬಹುದು. ಮಷೀನ್, ಐಡಿ, ಸಮಯ ಮೂರೂ ಸೇರಿಸಿ ಹೋಲಿಸಿ.

‘ದೊಡ್ಡದು’ ಬೇಡ. ಸಿವಿಯಾರಿಟಿ ಅಲ್ಲಿ ಅಂಕಿ ಅಲ್ಲ, ಪದ. ಓಕೆ, ವಾರ್ನಿಂಗ್, ಕ್ರಿಟಿಕಲ್, ಅಷ್ಟೇ. ‘ಓಕೆಗೆ ಸಮ ಅಲ್ಲದ್ದು’ ಅಂತ ಕೇಳಿದರೆ ಮುಗಿಯಿತು.

ಎನ್‌ಟಿಪಿ_ಕಾಕಾ · ಮಂಗಳವಾರ, ಮಧ್ಯಾಹ್ನ 1:30

1970ರ ಕಥೆ ನಾನು ಹೇಳುತ್ತೇನೆ.

ಬಿಎಂಸಿ ಒಳಗೆ ಇನ್ನೂ ರೆಡ್‌ಫಿಶ್‌ಗಿಂತ ಹಿಂದಿನ ನಿಯಮವಾದ ಐಪಿಎಂಐ ಕಾಲದ ಸಿಸ್ಟಮ್ ಇವೆಂಟ್ ಲಾಗ್ ಇರುತ್ತದೆ, ಎಸ್‌ಇಎಲ್ ಅನ್ನುತ್ತಾರೆ. ಒಂದು ದಾಖಲೆಗೆ 16 ಬೈಟ್ ಅಷ್ಟೇ. ಅದರಲ್ಲಿ ಸಮಯಕ್ಕೆ 4 ಬೈಟ್, 1970ರಿಂದ ಎಣಿಸಿದ ಸೆಕೆಂಡುಗಳು. ಕರೆಂಟ್ ಬಂದು ಬಿಎಂಸಿ ಎದ್ದಾಗ ಅದರ ಗಡಿಯಾರಕ್ಕೆ ಇನ್ನೂ ಸಮಯ ಸಿಕ್ಕಿಲ್ಲ ಅಂದರೆ, ಅದು ತಾನು ಎದ್ದ ಹೊತ್ತಿನಿಂದ ಸೊನ್ನೆ, ಒಂದು, ಎರಡು ಅಂತ ಎಣಿಸಿ ಬರೆಯುತ್ತದೆ. ಓದುವ ಸಾಫ್ಟ್‌ವೇರ್ ಅದನ್ನೇ ತಾರೀಖು ಅಂದುಕೊಂಡು 1970 ಅಂತ ತೋರಿಸುತ್ತದೆ. ಐಪಿಎಂಐ ನಿಯಮದ ಪ್ರಕಾರ ಲೆಕ್ಕ ಹಾಕಿದರೆ 1987ರ ಜನವರಿಗಿಂತ ಹಿಂದಿನ ಯಾವ ತಾರೀಖು ಕಂಡರೂ ಅದು ತಾರೀಖಲ್ಲ, ‘ಎದ್ದು ಇಷ್ಟು ಸೆಕೆಂಡ್ ಆಯಿತು’ ಅನ್ನುವ ಲೆಕ್ಕ.

ಈಗ ಯೋಚಿಸಿ ನೋಡ್ರಿ. ‘ನಿನ್ನೆಯಿಂದ ಈಚೆಗೆ ಬಂದದ್ದು ಕೊಡು’ ಅಂತ ಫಿಲ್ಟರ್ ಹಾಕಿದ್ದೀರಿ. ಕರೆಂಟ್ ಹೋಗಿ ಬಂದ ಕೂಡಲೇ ಬರೆದ ಎಂಟ್ರಿಗಳ ಮೇಲೆ 1970 ಇದೆ. ಅವು ನಿಮ್ಮ ಕೈಗೆ ಎಂದೂ ಬರುವುದಿಲ್ಲ. ನಿಮಗೆ ಬೇಕಾದದ್ದೇ ಅವು!

ಬಿಎಂಸಿಗೆ ಎನ್‌ಟಿಪಿ, ಅಂದರೆ ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ವ್ಯವಸ್ಥೆ, ಕೊಡಿ. ರೆಡ್‌ಫಿಶ್‌ನ ಮ್ಯಾನೇಜರ್ ಭಾಗದ ಕೆಳಗೆ ನೆಟ್‌ವರ್ಕ್ ಪ್ರೋಟೋಕಾಲ್ ಪುಟದಲ್ಲಿ ಎನ್‌ಟಿಪಿ ಸರ್ವರ್ ಹಾಕುವ ಜಾಗ ಇದೆ. ಬಿಎಂಸಿಯನ್ನು ಇಂಟರ್‌ನೆಟ್‌ಗೆ ಬಿಡಬೇಡಿ. ಒಳಗೇ ಒಂದು ಮಷೀನನ್ನು ಸಮಯದ ಸರ್ವರ್ ಮಾಡಿ, ಅದು ಮಾತ್ರ ಹೊರಗಿನ ಎನ್‌ಐಸಿ (ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ) ಅಥವಾ ಎನ್‌ಪಿಎಲ್ (ರಾಷ್ಟ್ರೀಯ ಭೌತಿಕ ಪ್ರಯೋಗಾಲಯ) ಸಮಯ ಸರ್ವರ್ ಜೊತೆ ಹೊಂದಿಸಿಕೊಳ್ಳಲಿ. ಇದು ನನ್ನ ಹುಚ್ಚು ಅಲ್ಲ. ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದಲ್ಲಿ ಈ ಎರಡರ ಹೆಸರೂ ಇದೆ. ಅದರಲ್ಲೇ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಅಂತಲೂ ಇದೆ.

ಇನ್ನೊಂದು ನಮ್ಮ ದೇಶದವರನ್ನೇ ಹಿಡಿಯುವ ಬಲೆ. ನಮ್ಮ ಸಮಯ +05:30. ಫಿಲ್ಟರ್‌ನಲ್ಲಿ ಸಮಯ ಬರೆದು ಕೊನೆಗೆ ಹಾಗೇ +05:30 ಹಾಕಿ ಕಳಿಸಿದರೆ, ವಿಳಾಸದ ಪ್ರಶ್ನೆ ಭಾಗದಲ್ಲಿ ಪ್ಲಸ್ ಚಿಹ್ನೆಯನ್ನು ಎಷ್ಟೋ ಸರ್ವರ್‌ಗಳು ಖಾಲಿ ಜಾಗ ಅಂತ ಓದುತ್ತವೆ. ಸಮಯ ಕೆಡುತ್ತದೆ. ಕೆಲವು 400 ಕೊಡುತ್ತವೆ, ಕೆಲವು ಸುಮ್ನೆ ಸೊನ್ನೆ ಎಂಟ್ರಿ ಕೊಡುತ್ತವೆ. ಪ್ಲಸ್ ಬದಲು ಶೇಕಡಾ ಚಿಹ್ನೆ, ಎರಡು, ಬಿ ಅಂತ ಬರೆಯಿರಿ. ಅಥವಾ ಕರ್ಲ್‌ಗೇ ಎನ್‌ಕೋಡ್ ಮಾಡುವ ಕೆಲಸ ಒಪ್ಪಿಸಿ. ಅಮೆರಿಕದವರಿಗೆ ಮೈನಸ್ ಚಿಹ್ನೆ, ಅವರಿಗೆ ಈ ತಲೆನೋವೇ ಇಲ್ಲ.

ಸೇಡಂ_ರೋಡ್ · ಮಂಗಳವಾರ, ಸಂಜೆ 6:50

ಕಾಕಾ ಹೇಳಿದ್ದೆಲ್ಲ ಸರಿ. ಆದರೆ ಗಂಜ್ ಅಣ್ಣನ ಕೆಲಸಕ್ಕೆ ಇಷ್ಟೆಲ್ಲ ಬೇಕಾ? ಮಾಲೀಕರಿಗೆ ಬೇಕಾದದ್ದು ಒಂದು ಮೆಸೇಜ್. ಕ್ರಿಟಿಕಲ್ ಮಾತ್ರ ಕೇಳಿ, ಬಂದದ್ದನ್ನು ಕಳಿಸಿ, ಮುಗೀತು.

ನಾನು ನೋಡಿಕೊಳ್ಳುವ ಬ್ರಾಂಚುಗಳಲ್ಲಿ ಲೈನ್ ತೆಳು. ಅದರ ಮೇಲೇ ಬಿಲ್ಲಿಂಗ್, ಅದರ ಮೇಲೇ ಕ್ಯಾಮೆರಾ. ಸಾವಿರಾರು ಎಂಟ್ರಿ ಎಳೆದರೆ ಬಿಲ್ಲಿಂಗ್‌ನವರು ಬೈಯುತ್ತಾರೆ. ಫಿಲ್ಟರ್ ಇರುವುದೇ ಇದಕ್ಕೆ ಅಲ್ವಾ? ಜೊತೆಗೆ $ಸೆಲೆಕ್ಟ್ ಹಾಕಿ ಸಮಯ, ಸಿವಿಯಾರಿಟಿ, ಮೆಸೇಜ್ ಮೂರನ್ನೇ ತರಿಸಿದರೆ ಇನ್ನೂ ಹಗುರ.

ಬಿದ್ರಿ_ಬ್ಯಾಶ್ · ಮಂಗಳವಾರ, ರಾತ್ರಿ 8:15

ಇದನ್ನು ಒಪ್ಪುವುದಿಲ್ಲ ಅಣ್ಣಾ. ನಮ್ಮ ಕಡೆಯ ಒಂದು ಮಷೀನಿನ ಒಂದು ಮಧ್ಯಾಹ್ನದ ಲಾಗ್ ಇದು, ಮೆಸೇಜ್ ಕನ್ನಡ ಮಾಡಿದ್ದೇನೆ:

14:14:07 · ಕ್ರಿಟಿಕಲ್ · ಪವರ್ ಸಪ್ಲೈ 2ಕ್ಕೆ ಇನ್‌ಪುಟ್ ಇಲ್ಲ
14:14:09 · ವಾರ್ನಿಂಗ್ · ಪವರ್ ಸಪ್ಲೈ ಜೋಡಿ ಇಲ್ಲದಾಗಿದೆ
14:31:52 · ಓಕೆ · ಪವರ್ ಸಪ್ಲೈ 2ಕ್ಕೆ ಇನ್‌ಪುಟ್ ಬಂದಿದೆ
14:31:55 · ಓಕೆ · ಪವರ್ ಸಪ್ಲೈ ಜೋಡಿ ಮರಳಿದೆ

ಒಂದು ಪವರ್ ಸಪ್ಲೈ ಯುಪಿಎಸ್ ಮೇಲಿದೆ, ಇನ್ನೊಂದು ನೇರ ಲೈನ್ ಮೇಲೆ. ಕರೆಂಟ್ ಹೋಯಿತು, ಹದಿನೇಳು ಹದಿನೆಂಟು ನಿಮಿಷಕ್ಕೆ ಬಂತು. ಅಷ್ಟೇ ಕಥೆ. ನೀವು ಕ್ರಿಟಿಕಲ್ ಮಾತ್ರ ತರಿಸಿದರೆ ಮೊದಲ ಸಾಲು ಮಾತ್ರ ಬರುತ್ತದೆ. ಓದಿದವರು ಪವರ್ ಸಪ್ಲೈ ಸತ್ತಿದೆ ಅಂದುಕೊಳ್ಳುತ್ತಾರೆ. ಜ್ವರ ಬಂದದ್ದನ್ನು ಬರೆದಿಟ್ಟು ಇಳಿದದ್ದನ್ನು ಬರೆಯದ ಹಾಗೆ. ಪರಿಚಯದ ಒಂದು ಕಡೆ ಇಂಥದ್ದೇ ರಿಪೋರ್ಟ್ ನೋಡಿ ಹೊಸ ಪವರ್ ಸಪ್ಲೈ ಆರ್ಡರ್ ಮಾಡಿಬಿಟ್ಟಿದ್ದರು. ಹಳೆಯದು ಗಟ್ಟಿಮುಟ್ಟಾಗಿಯೇ ಇತ್ತು.

ಬೇಸಿಗೆಯಲ್ಲಿ ಇದು ಇನ್ನೂ ಜಾಸ್ತಿ. ನಮ್ಮ ಕಡೆ ಹೊರಗೆ 42, 43 ಡಿಗ್ರಿ ಇದ್ದಾಗ ಗಾಳಿ ಒಳಗೆ ಬರುವ ಕಡೆಯ ಸೆನ್ಸರ್ ಮಧ್ಯಾಹ್ನ ಗಡಿ ದಾಟುತ್ತದೆ, ಸಂಜೆ ಇಳಿಯುತ್ತದೆ. ದಾಟಿದ್ದು ವಾರ್ನಿಂಗ್, ಇಳಿದದ್ದು ಓಕೆ. ಎರಡರ ನಡುವೆ ಎಷ್ಟು ಹೊತ್ತು ಅನ್ನುವುದೇ ಮುಖ್ಯ. ಹತ್ತು ನಿಮಿಷ ಇದ್ದರೆ ಬಾಗಿಲು ತೆಗೆದಿಟ್ಟಿರುತ್ತಾರೆ. ನಾಲ್ಕು ತಾಸು ಇದ್ದರೆ ಎಸಿಯವನಿಗೆ ಫೋನ್ ಮಾಡಬೇಕು.

ನನ್ನ ಮಾತು ಇಷ್ಟೇ: ಬಿಎಂಸಿ ಹತ್ತಿರ ಫಿಲ್ಟರ್ ಹಾಕುವುದಾದರೆ ಸಮಯಕ್ಕೆ ಹಾಕಿ, ಸಿವಿಯಾರಿಟಿಗೆ ಹಾಕಬೇಡಿ. ಆ ಹೊತ್ತಿನ ಎಲ್ಲ ಎಂಟ್ರಿ ತನ್ನಿ, ನಿಮ್ಮ ಕಡೆ ಇಟ್ಟುಕೊಳ್ಳಿ, ಮೆಸೇಜ್ ಮಾಡುವಾಗ ಆರಿಸಿ. ಬಿಟ್ಟು ಬಂದದ್ದನ್ನು ಆಮೇಲೆ ಕೇಳಿದರೆ ಅದು ಅಲ್ಲಿ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಸೇಡಂ_ರೋಡ್ · ಮಂಗಳವಾರ, ರಾತ್ರಿ 8:40

ಜೋಡಿ ಮಾಡಬೇಕು ಅನ್ನೋದು ಒಪ್ಪಿದೆ. ಆದರೆ ಓಕೆ ಎಂಟ್ರಿಗಳಲ್ಲಿ ತೊಂಬತ್ತು ಪಾಲು ಕಸ. ಯಾರೋ ಲಾಗಿನ್ ಆದರು, ಯಾರೋ ಲಾಗೌಟ್ ಆದರು. ನಮ್ಮದೇ ಸ್ಕ್ರಿಪ್ಟ್ ಲಾಗಿನ್ ಆದದ್ದನ್ನು ನಮ್ಮದೇ ಸ್ಕ್ರಿಪ್ಟ್ ಎಳೆದು ತರುವುದು. ಇದಕ್ಕೆ ಲೈನ್ ಸುಡಬೇಕಾ?

ರೊಟ್ಟಿ_ರೂಟ್ · ಮಂಗಳವಾರ, ರಾತ್ರಿ 10:05

ಆ ‘ಕಸ’ದಲ್ಲೇ ನನಗೆ ಆಸಕ್ತಿ.

ರಾತ್ರಿ ಎರಡಕ್ಕೆ ಗೊತ್ತಿಲ್ಲದ ಐಪಿಯಿಂದ ಅಡ್ಮಿನ್ ಲಾಗಿನ್ ಆಯಿತು ಅಂದುಕೊಳ್ಳಿ. ಪಾಸ್‌ವರ್ಡ್ ಸರಿ ಇತ್ತು, ಲಾಗಿನ್ ಯಶಸ್ವಿ. ಬಿಎಂಸಿ ಪಾಲಿಗೆ ಅದು ಓಕೆ! ಸಿವಿಯಾರಿಟಿ ಅನ್ನುವುದು ಹಾರ್ಡ್‌ವೇರ್ ಕೊಡುವ ಅಂಕ, ನಿಮಗೆಷ್ಟು ಅಪಾಯ ಅನ್ನುವುದರ ಅಂಕ ಅಲ್ಲ. ಬಿಎಂಸಿಗಳ ಮೇಲೆ ಕಣ್ಣು ಇಟ್ಟವರು ಇದ್ದಾರೆ. ಒಂದು ಪ್ರಸಿದ್ಧ ಬಿಎಂಸಿ ಸಾಫ್ಟ್‌ವೇರ್‌ನಲ್ಲಿ ರೆಡ್‌ಫಿಶ್ ಮೂಲಕವೇ ಪಾಸ್‌ವರ್ಡ್ ಇಲ್ಲದೆ ಒಳಗೆ ನುಗ್ಗುವ ದೋಷ ಸಿಕ್ಕಿತ್ತು, ಅದರ ದೋಷ ಸಂಖ್ಯೆ ಸಿವಿಇ-2024-54085. ಅದನ್ನು ನಿಜವಾಗಿ ದಾಳಿಗೆ ಬಳಸುತ್ತಿದ್ದಾರೆ ಅಂತ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2025ರ ಜೂನ್‌ನಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಹೀಗಿರುವಾಗ ಲಾಗಿನ್ ಎಂಟ್ರಿ ಕಸ ಅನ್ನಬೇಡ್ರಿ.

ಇನ್ನೊಂದು ವಿಷಯ ಇಲ್ಲಿ ಯಾರೂ ಎತ್ತಲಿಲ್ಲ. ಲಾಗ್ ಒಂದೇ ಅಲ್ಲ. ‘ಲಾಗ್ ಸರ್ವಿಸಸ್’ ಪಟ್ಟಿ ತೆರೆದು ನೋಡಿ. ಡೆಲ್‌ನ ಬಿಎಂಸಿ ಐಡ್ರ್ಯಾಕ್‌ನಲ್ಲಿ ಎಸ್‌ಇಎಲ್ ಬೇರೆ, ಲೈಫ್‌ಸೈಕಲ್ ಲಾಗ್ ಬೇರೆ. ಎಚ್‌ಪಿಇಯ ಬಿಎಂಸಿ ಐಎಲ್‌ಒದಲ್ಲಿ ಹಾರ್ಡ್‌ವೇರ್‌ನದು ಐಎಂಎಲ್, ಅದು ಸಿಸ್ಟಮ್ಸ್ ಕೆಳಗಿದೆ. ಬಿಎಂಸಿಯ ತನ್ನದೇ ಲಾಗ್ ಐಇಎಲ್, ಅದು ಮ್ಯಾನೇಜರ್ಸ್ ಕೆಳಗಿದೆ. ಲಾಗಿನ್ ವಿಷಯ ಎಸ್‌ಇಎಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ವಿಳಾಸ ಸ್ಕ್ರಿಪ್ಟ್‌ನಲ್ಲಿ ಗಟ್ಟಿಯಾಗಿ ಬರೆಯಬೇಡಿ, ಬೇರಿನಿಂದ ಲಿಂಕ್ ಹಿಡಿದು ಇಳಿಯಿರಿ.

ಪ್ರತಿ ಲಾಗ್ ಸರ್ವಿಸ್‌ನಲ್ಲೂ ‘ಓವರ್‌ರೈಟ್ ಪಾಲಿಸಿ’ ನೋಡಿ. ಕೆಲವು ತುಂಬಿದ ಮೇಲೆ ಹಳೆಯದನ್ನು ಅಳಿಸಿ ಬರೆಯುತ್ತವೆ. ಕೆಲವು ತುಂಬಿದ ಮೇಲೆ ಬರೆಯುವುದನ್ನೇ ನಿಲ್ಲಿಸುತ್ತವೆ. ಎರಡನೆಯ ಜಾತಿಯದಾದರೆ ದಿನಾ ಬೆಳಿಗ್ಗೆ ‘ಏನೂ ತಕರಾರು ಇಲ್ಲ’ ಅಂತ ಮೆಸೇಜ್ ಹೋಗುತ್ತಾ ಇರುತ್ತದೆ, ಮಾಲೀಕರೂ ಖುಷಿ.

ಅಕೌಂಟ್ ಬಗ್ಗೆ: ಸ್ಕ್ರಿಪ್ಟ್‌ಗೆ ರೀಡ್‌ಓನ್ಲಿ ಪಾತ್ರ ಸಾಕು. ಲಾಗ್ ಅಳಿಸುವ ‘ಕ್ಲಿಯರ್‌ಲಾಗ್’ ಬಾಗಿಲು ಕೂಡ ಇದೇ ಎಪಿಐನಲ್ಲಿದೆ, ಅಡ್ಮಿನ್ ಪಾಸ್‌ವರ್ಡ್ ಕ್ರಾನ್ ಫೈಲಿನಲ್ಲಿ (ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸುವ ಪಟ್ಟಿ) ಬಿದ್ದಿರುವುದು ಚಂದ ಅಲ್ಲ. ಸೆಷನ್ ತೆರೆದು ಟೋಕನ್ ತೆಗೆದುಕೊಂಡರೆ ಕೆಲಸ ಮುಗಿದ ಮೇಲೆ ಆ ಸೆಷನ್ ಡಿಲೀಟ್ ಮಾಡಿ. ಬಿಎಂಸಿ ಒಳಗೆ ಇರುವುದು ಪುಟ್ಟ ಚಿಪ್. ಸೆಷನ್‌ಗಳಿಗೆ ಮಿತಿ ಇದೆ. ಮುಚ್ಚದೆ ಬಿಟ್ಟರೆ ಅವು ತುಂಬುತ್ತವೆ, ಆಮೇಲೆ ನೀವೇ ಕೈಯಿಂದ ಲಾಗಿನ್ ಆಗಲು ಹೋದರೆ ಜಾಗ ಇಲ್ಲ ಅನ್ನುತ್ತದೆ. ಒಂದೇ ಸಲ ಹತ್ತು ಪುಟ ಕೇಳಬೇಡಿ, ಒಂದಾದ ಮೇಲೆ ಒಂದು. 503 (ಈಗ ಆಗುವುದಿಲ್ಲ) ಬಂದು ಜೊತೆಗೆ ‘ರೀಟ್ರೈ ಆಫ್ಟರ್’ ಬಂದರೆ ಅದು ಹೇಳಿದಷ್ಟು ಹೊತ್ತು ಸುಮ್ಮನಿರಿ.

ಸೇಡಂ ಅಣ್ಣನ ತೆಳು ಲೈನ್ ತೊಂದರೆ ನಿಜ. ಅದಕ್ಕೆ ಉತ್ತರ ಫಿಲ್ಟರ್ ಅಲ್ಲ. ಆ ಬ್ರಾಂಚಿನಲ್ಲೇ ಒಂದು ಹಳೇ ಪಿಸಿ ಇಡಿ. ಅದು ಲೋಕಲ್ ನೆಟ್‌ವರ್ಕಿನಲ್ಲಿ ಬಿಎಂಸಿಯಿಂದ ಎಲ್ಲ ತೆಗೆದುಕೊಳ್ಳಲಿ, ಜಿಪ್ ಮಾಡಿ ರಾತ್ರಿ ಒಂದು ಸಲ ಕಲಬುರಗಿಗೆ ಕಳಿಸಲಿ. ಲಾಗ್‌ನಲ್ಲಿ ಅದೇ ಪದ ಮತ್ತೆ ಮತ್ತೆ ಬರುವುದರಿಂದ ಜಿಪ್ ಚೆನ್ನಾಗಿ ಕುಗ್ಗುತ್ತದೆ.

ಸೇಡಂ_ರೋಡ್ · ಬುಧವಾರ, ಬೆಳಿಗ್ಗೆ 7:30

ಹಳೇ ಪಿಸಿ ಇಡೋದು ಒಪ್ಪಿದೆ ಅಕ್ಕಾ. ಆದರೆ ಎಲ್ಲ ಬ್ರಾಂಚಿಗೂ ಅದು ಆಗುವುದಿಲ್ಲ. ಒಂದು ಕಡೆ ರ್‍ಯಾಕ್ ಬದಲು ಗೋದಾಮಿನ ಮೂಲೆ, ಧೂಳು ಬೇರೆ. ಅಲ್ಲಿ ನಾನು ಸಿವಿಯಾರಿಟಿ ಫಿಲ್ಟರ್ ತೆಗೆಯುವುದಿಲ್ಲ. ಬದಲಿಗೆ ಕ್ರಿಟಿಕಲ್ ಬಂದ ದಿನ ಮಾತ್ರ ಆ ಎಂಟ್ರಿಯ ಹಿಂದಿನ ಮುಂದಿನ ಒಂದು ತಾಸಿನ ಪೂರ್ತಿ ಲಾಗ್ ಮತ್ತೆ ಕೇಳುತ್ತೇನೆ. ಎರಡು ಹಂತ. ಬಿದ್ರಿಯವರಿಗೆ ಇದು ಹಿಡಿಸದಿರಬಹುದು.

ಬಿದ್ರಿ_ಬ್ಯಾಶ್ · ಬುಧವಾರ, ಬೆಳಿಗ್ಗೆ 9:20

ಹಿಡಿಸುವುದಿಲ್ಲ, ಆದರೆ ಜಗಳ ಆಡುವಷ್ಟು ಕೆಟ್ಟದ್ದೂ ಅಲ್ಲ. ಲಾಗಿನ್ ಎಂಟ್ರಿ ಮಾತ್ರ ತಪ್ಪಿಹೋಗುತ್ತವೆ, ಅದು ನೆನಪಿರಲಿ.

ಶಹಾಬಾದ್_ಕಲ್ಲು · ಬುಧವಾರ, ಬೆಳಿಗ್ಗೆ 11:45

ಒಂದು ಪ್ರಶ್ನೆ. ನಾವೇ ಹೋಗಿ ಹೋಗಿ ಕೇಳುವ ಬದಲು ಬಿಎಂಸಿಯೇ ನಮಗೆ ಕಳಿಸುವ ಹಾಗೆ ಮಾಡಬಹುದಲ್ವಾ? ಇವೆಂಟ್ ಸರ್ವಿಸ್ ಅಂತ ಇದೆ. ಚಂದಾ ಹಾಕಿದರೆ ಘಟನೆ ಆದ ಕೂಡಲೇ ನಮ್ಮ ವಿಳಾಸಕ್ಕೆ ಪೋಸ್ಟ್ ಮಾಡುತ್ತದೆ.

ಭೀಮಾ_ಕಟ್ಟೆ · ಬುಧವಾರ, ಮಧ್ಯಾಹ್ನ 12:30

ಮಾಡಬಹುದು, ಬೇಗ ಗೊತ್ತಾಗಬೇಕು ಅಂದರೆ ಮಾಡಲೇಬೇಕು. ಆದರೆ ಅದೊಂದನ್ನೇ ನಂಬಬೇಡಿ. ಕರೆಂಟ್ ಹೋದಾಗ ನಿಮ್ಮ ಸ್ವಿಚ್ಚೂ ಹೋಗಿರುತ್ತದೆ. ಬಿಎಂಸಿ ಕಳಿಸಲು ನೋಡುತ್ತದೆ, ತಲುಪುವುದಿಲ್ಲ, ಕೆಲವು ಸಲ ಮತ್ತೆ ಪ್ರಯತ್ನಿಸುತ್ತದೆ. ಆಮೇಲೆ ಏನು ಅನ್ನುವುದು ‘ಡೆಲಿವರಿ ರೀಟ್ರೈ ಪಾಲಿಸಿ’ ಮೇಲೆ ನಿಂತಿದೆ. ಒಂದು ಆಯ್ಕೆಯಲ್ಲಿ ಚಂದಾವೇ ರದ್ದಾಗುತ್ತದೆ. ಒಂದರಲ್ಲಿ ತಡೆಹಿಡಿಯುತ್ತದೆ. ಇನ್ನೊಂದರಲ್ಲಿ ಪ್ರಯತ್ನ ಬಿಡುವುದೇ ಇಲ್ಲ. ರದ್ದಾಯಿತು ಅಂತ ನಿಮಗೆ ಯಾರೂ ಬಂದು ಹೇಳುವುದಿಲ್ಲ.

ತುರ್ತಿಗೆ ಚಂದಾ, ದಾಖಲೆಗೆ ದಿನದ ಎಳೆತ. ಎಳೆಯುವಾಗ ಚಂದಾ ಇನ್ನೂ ಇದೆಯಾ ಅಂತಲೂ ಒಂದು ಸಲ ನೋಡುವುದು.

ಹುಮನಾಬಾದ್_ಲಿನಕ್ಸ್ · ಬುಧವಾರ, ಮಧ್ಯಾಹ್ನ 3:10

ಹಾರ್ಡ್‌ವೇರ್ ಆಯಿತು. ಲಿನಕ್ಸ್ ಒಳಗಿನ ಲಾಗ್ ಕೂಡ ಹೀಗೇ ವೆಬ್ ಮೂಲಕ ತರಬಹುದಾ?

ರೊಟ್ಟಿ_ರೂಟ್ · ಬುಧವಾರ, ಸಂಜೆ 4:00

ಸಿಸ್ಟಮ್‌ಡಿ (ಲಿನಕ್ಸ್‌ನ ಸರ್ವಿಸ್‌ಗಳನ್ನು ನಡೆಸುವ ಸಾಫ್ಟ್‌ವೇರ್) ಇರುವ ಕಡೆ ಜರ್ನಲ್ ಗೇಟ್‌ವೇ ಅಂತ ಒಂದು ಪುಟ್ಟ ಸರ್ವಿಸ್ ಸಿಗುತ್ತದೆ, 19531 ಪೋರ್ಟ್ ಮೇಲೆ. ‘ಎಂಟ್ರೀಸ್’ ವಿಳಾಸಕ್ಕೆ ಕೇಳಿದರೆ ಜರ್ನಲ್ (ಸಿಸ್ಟಮ್‌ಡಿಯ ಲಾಗ್) ಕೊಡುತ್ತದೆ, ಆಕ್ಸೆಪ್ಟ್ ಹೆಡರ್‌ನಲ್ಲಿ ಜೆಸನ್ ಕೇಳಿದರೆ ಜೆಸನ್. ಈ ಬೂಟ್‌ನದು ಮಾತ್ರ ಬೇಕು ಅಂತಲೂ ಕೇಳಬಹುದು.

ಎರಡು ಎಚ್ಚರಿಕೆ. ‘ಪ್ರಯಾರಿಟಿ=3’ ಅಂದರೆ ಸರಿಯಾಗಿ 3 ಇದ್ದದ್ದು ಮಾತ್ರ, ‘3 ಮತ್ತು ಅದಕ್ಕಿಂತ ಗಂಭೀರ’ ಅಲ್ಲ. ಸಿಸ್‌ಲಾಗ್‌ನಲ್ಲಿ 0 ಅತೀ ಗಂಭೀರ, 7 ಡೀಬಗ್. ಹಾಗಾಗಿ 0, 1, 2, 3 ನಾಲ್ಕನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಇನ್ನೊಂದು, ಸುಮ್ನೆ ಆನ್ ಮಾಡಿದರೆ ಯಾರು ಬೇಕಾದರೂ ಓದಬಹುದು, ಪಾಸ್‌ವರ್ಡ್ ಇಲ್ಲ. ಸರ್ಟಿಫಿಕೇಟ್ ಹಾಕದೆ ತೆರೆಯಬೇಡಿ.

ಇದರಲ್ಲಿ ನನಗೆ ಹಿಡಿಸಿದ್ದು ಕರ್ಸರ್. ಪ್ರತಿ ಎಂಟ್ರಿಗೂ ಒಂದು ಗುರುತು ಇರುತ್ತದೆ, ಮುಂದಿನ ಸಲ ಅಲ್ಲಿಂದ ಮುಂದಕ್ಕೆ ಕೊಡು ಅನ್ನಬಹುದು. ಸಮಯ, ಸ್ಕಿಪ್ ಲೆಕ್ಕ ಯಾವುದೂ ಬೇಡ. ರೆಡ್‌ಫಿಶ್‌ನವರು ಇದನ್ನು ಯಾಕೆ ಹೀಗೆ ಮಾಡಲಿಲ್ಲವೋ.

ವಿದ್ಯಾರ್ಥಿ_ಕಲಬುರಗಿ · ಬುಧವಾರ, ರಾತ್ರಿ 9:00

ಅಣ್ಣಾ, ಅಕ್ಕಾ, ನಾನು ಇಂಜಿನಿಯರಿಂಗ್ ಕೊನೆಯ ವರ್ಷ. ಇದನ್ನು ಪ್ರಾಜೆಕ್ಟ್ ಮಾಡಬೇಕು ಅಂತ ಆಸೆ. ಆದರೆ ಸರ್ವರ್ ಎಲ್ಲಿಂದ ತರಲಿ?

ಎನ್‌ಟಿಪಿ_ಕಾಕಾ · ಬುಧವಾರ, ರಾತ್ರಿ 9:25

ಸರ್ವರ್ ಬೇಡ ತಮ್ಮಾ. ಡಿಎಂಟಿಎಫ್‌ನವರೇ ‘ರೆಡ್‌ಫಿಶ್ ಮಾಕಪ್ ಸರ್ವರ್’ ಅಂತ ಪೈಥಾನ್‌ನಲ್ಲಿ ಬರೆದು ಗಿಟ್‌ಹಬ್‌ನಲ್ಲಿ ಇಟ್ಟಿದ್ದಾರೆ. ಮಾದರಿ ಜೆಸನ್ ಫೈಲುಗಳ ಕಟ್ಟನ್ನೂ ಕೊಡುತ್ತಾರೆ. ನಿನ್ನ ಲ್ಯಾಪ್‌ಟಾಪ್‌ನಲ್ಲೇ ಓಡಿಸು. ಲಾಗ್ ಫೈಲಿನಲ್ಲಿ ಬೇಕಂತಲೇ ಒಂದು 1970 ಎಂಟ್ರಿ, ಒಂದು ಡಬಲ್ ಎಂಟ್ರಿ, ಒಂದು ಐಡಿ 1ಕ್ಕೆ ಮರಳಿದ್ದು ಹಾಕು. ನಿನ್ನ ಪ್ರೋಗ್ರಾಮ್ ಇವನ್ನು ದಾಟಿತು ಅಂದರೆ ಪರೀಕ್ಷಕರ ಮುಂದೆ ಧೈರ್ಯವಾಗಿ ನಿಲ್ಲಬಹುದು.

ಗಂಜ್_ಸಿಸ್ಟಮ್ · ಗುರುವಾರ, ಸಂಜೆ 7:15

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ಹೀಗೆ ಮಾಡಿದ್ದೇನೆ.

ಕಲಬುರಗಿ ಮತ್ತು ಬೀದರ್ ಮಷೀನುಗಳಿಗೆ ಸಮಯದ ಫಿಲ್ಟರ್ ಮಾತ್ರ. ಹಿಂದಿನ ಓಟದ ಸಮಯದಿಂದ ಅಲ್ಲ, ಅದಕ್ಕಿಂತ ಒಂದು ತಾಸು ಹಿಂದಿನಿಂದ ಕೇಳುತ್ತೇನೆ, ಡಬಲ್ ಆದದ್ದನ್ನು ಇಲ್ಲಿ ತೆಗೆಯುತ್ತೇನೆ. ಬೀದರಿಗೆ ಎನ್‌ಟಿಪಿ ಕೊಟ್ಟಾಯಿತು. ಜೊತೆಗೆ ‘1987ಕ್ಕಿಂತ ಹಿಂದಿನದು ಕೊಡು’ ಅಂತ ಇನ್ನೊಂದು ಪ್ರಶ್ನೆ ಬೇರೆಯಾಗಿ ಕೇಳುತ್ತದೆ, ಸಿಕ್ಕರೆ ಅದರ ಮುಂದಿನ ಸರಿಯಾದ ಎಂಟ್ರಿಯ ಪಕ್ಕ ಕೂರಿಸುತ್ತದೆ. ಯಾದಗಿರಿಗೆ ಫಿಲ್ಟರ್ ಇಲ್ಲ, ನೆಕ್ಸ್ಟ್‌ಲಿಂಕ್ ಹಿಡಿದು ಎಲ್ಲ ತರುತ್ತದೆ. ಎಲ್ಲ ಎಂಟ್ರಿ ಇಲ್ಲಿನ ಡೇಟಾಬೇಸ್‌ಗೆ ಹೋಗುತ್ತವೆ, 180 ದಿನ ಇರುತ್ತವೆ.

ಹೋದದ್ದು ಬಂದದ್ದು ಜೋಡಿ ಮಾಡಿ ಮಾಲೀಕರಿಗೆ ಒಂದೇ ಸಾಲು ಮಾಡಬೇಕು. ಅವರಿಗೆ ಕನ್ನಡದಲ್ಲಿ ಬೇಕು. ಇಂಗ್ಲಿಷ್ ಮೆಸೇಜ್ ಹಿಡಿದು ಹುಡುಕಿ ಬದಲಾಯಿಸಲು ಹೋದರೆ ಒಂದೊಂದು ಕಂಪನಿ ಒಂದೊಂದು ರೀತಿ ಬರೆಯುತ್ತದೆ. ಇದಕ್ಕೇನು ಮಾಡುವುದು?

ರೊಟ್ಟಿ_ರೂಟ್ · ಗುರುವಾರ, ರಾತ್ರಿ 8:05

ಮೆಸೇಜ್ ವಾಕ್ಯ ಮುಟ್ಟಬೇಡಿ. ಎಂಟ್ರಿಯಲ್ಲಿ ‘ಮೆಸೇಜ್ ಐಡಿ’ ಇರುತ್ತದೆ ನೋಡಿ. ರಿಜಿಸ್ಟ್ರಿ ಹೆಸರು, ಆವೃತ್ತಿ, ಕೊನೆಗೆ ಕೀ, ಮಧ್ಯೆ ಚುಕ್ಕಿ. ಫರ್ಮ್‌ವೇರ್ ಬದಲಾದಾಗ ವಾಕ್ಯ ತಿದ್ದಬಹುದು, ಕೀ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಆವೃತ್ತಿ ಅಂಕಿ ಬಿಟ್ಟು ರಿಜಿಸ್ಟ್ರಿ ಹೆಸರು ಮತ್ತು ಕೀ ಹಿಡಿದು ಒಂದು ಕೋಷ್ಟಕ ಮಾಡಿ. ‘ಮೆಸೇಜ್ ಆರ್ಗ್ಸ್’ನಲ್ಲಿ ಯಾವ ಪವರ್ ಸಪ್ಲೈ, ಯಾವ ಫ್ಯಾನ್ ಅಂತ ಬೇರೆಯಾಗಿ ಬರುತ್ತದೆ, ಅದನ್ನು ಕನ್ನಡ ವಾಕ್ಯದಲ್ಲಿ ಕೂರಿಸಿ. ಕೋಷ್ಟಕದಲ್ಲಿ ಇಲ್ಲದ ಕೀ ಬಂದರೆ ಇಂಗ್ಲಿಷ್ ವಾಕ್ಯವನ್ನೇ ಹಾಗೇ ಕಳಿಸಿ, ನುಂಗಬೇಡಿ.

ಕೆಲವು ಹಳೇ ಎಸ್‌ಇಎಲ್ ಎಂಟ್ರಿಗಳಲ್ಲಿ ಮೆಸೇಜ್ ಐಡಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅಲ್ಲಿ ಸೆನ್ಸರ್ ಹೆಸರು ಹಿಡಿಯಿರಿ.

ಗಂಜ್_ಸಿಸ್ಟಮ್ · ಶುಕ್ರವಾರ, ಬೆಳಿಗ್ಗೆ 8:40

ಕೋಷ್ಟಕ ಶುರು ಮಾಡಿದೆ ಅಕ್ಕಾ. ಇವತ್ತು ಬೆಳಿಗ್ಗೆ ಹೋದ ಮೆಸೇಜ್: ‘ಬೀದರ್: ಪವರ್ ಸಪ್ಲೈ 2ಕ್ಕೆ ನಿನ್ನೆ 3:05ರಿಂದ 3:40ರ ತನಕ ಕರೆಂಟ್ ಇರಲಿಲ್ಲ, ಈಗ ಸರಿ ಇದೆ. ಯಾದಗಿರಿ: ಫ್ಯಾನ್ 4 ನಿಧಾನ, ಇನ್ನೂ ಸರಿಯಾಗಿಲ್ಲ.’ ಮಾಲೀಕರು ತಿರುಗಿ ಕೇಳಿದ್ದು ಒಂದೇ, ಫ್ಯಾನ್‌ಗೆ ಎಷ್ಟಾಗುತ್ತದೆ ಅಂತ.

ಪಾಸ್‌ವರ್ಡ್, ಐಪಿ ತೆಗೆದು ಸ್ಕ್ರಿಪ್ಟ್ ಇಲ್ಲೇ ಹಾಕುತ್ತೇನೆ. ಫ್ಯಾನ್ ಬದಲಾಯಿಸಲು ಶನಿವಾರ ಯಾದಗಿರಿಗೆ ಹೋಗಬೇಕು, ಆವಾಗಲೇ ಅಲ್ಲಿನ ಫರ್ಮ್‌ವೇರ್ ಕೂಡ ಅಪ್‌ಡೇಟ್ ಮಾಡಿ ಬದನೆಕಾಯಿ ಕೇಳಿ ನೋಡುತ್ತೇನೆ.

ಭೀಮಾ_ಕಟ್ಟೆ · ಶುಕ್ರವಾರ, ಬೆಳಿಗ್ಗೆ 9:05

ಅಪ್‌ಡೇಟ್ ಮಾಡುವ ಮೊದಲು ಲಾಗ್ ಪೂರ್ತಿ ಎಳೆದುಕೊಳ್ಳಿ. ಫರ್ಮ್‌ವೇರ್ ಬದಲಾದಾಗ ಕೆಲವು ಮಷೀನುಗಳಲ್ಲಿ ಲಾಗ್ ಖಾಲಿಯಾಗುತ್ತದೆ. ಬಂದರೆ ಸ್ಟೇಷನ್ ಹತ್ತಿರ ಫೋನ್ ಮಾಡ್ರಿ, ಚಹಾ ಕುಡಿಯೋಣ.